ಆರ್‌ಪಿಎಂ ಕೇಳ್ಬೇಡಿ, ಅಂಚಿನ ವೇಗ ಕೇಳಿ

1/10

“ಕಲ್ಲು ಉಜ್ಜೋ ಮಷೀನಿಗೆ ಎಷ್ಟು ಆರ್‌ಪಿಎಂ ಇಡ್ಬೇಕು?”

ನಮ್ಮ ಜಿಯಾಲಜಿ ಕ್ಲಾಸಿನ ಗ್ರೂಪಲ್ಲಿ, ಈ ಪೇಜಿನ ಇನ್‌ಬಾಕ್ಸಲ್ಲಿ, ಕಾಮೆಂಟುಗಳಲ್ಲಿ, ಎಲ್ಲಾ ಕಡೆ ಇದೇ ಪ್ರಶ್ನೆ. ಫೀಲ್ಡ್ ಟ್ರಿಪ್ ಮುಗಿಸಿ ಬಂದವರ ಬ್ಯಾಗಲ್ಲಿ ಕೃಷ್ಣಾ, ಭೀಮಾ ದಂಡೆಯ ಅಗೇಟ್ ತುಂಡುಗಳಿವೆ. ಅದನ್ನ ಉಜ್ಜಿ, ಹೊಳಪು ಕೊಟ್ಟು, ಒಂದು ಪೆಂಡೆಂಟ್ ಮಾಡ್ಬೇಕು ಅಂತ ಆಸೆ. ಆಸೆ ತಪ್ಪಲ್ಲ. ಪ್ರಶ್ನೆ ತಪ್ಪು.

ಅದಕ್ಕೆ ಬರೋ ಉತ್ತರಗಳು ಇನ್ನೂ ತಪ್ಪು. ಒಬ್ಬ 1440 ಅಂತಾನೆ. ಇನ್ನೊಬ್ಬ 2800 ಅಂತಾನೆ. ಮೂರನೆಯವನು ಯಾವುದೋ ವಿಡಿಯೋ ನೋಡಿ 1725 ಅಂತಾನೆ. ನಾಲ್ಕನೆಯವನು “ಜಾಸ್ತಿ ಇದ್ದಷ್ಟೂ ಒಳ್ಳೇದು ಗುರು” ಅಂತ ಹೇಳಿ ಹೋಗ್ತಾನೆ. ಚಕ್ರ ಎಷ್ಟು ದೊಡ್ಡದು, ಯಾವ ಕಲ್ಲು, ಯಾವ ಹಂತದ ಕೆಲಸ, ನೀರು ಇದೆಯೋ ಇಲ್ವೋ, ಇದ್ಯಾವುದನ್ನೂ ಒಬ್ಬರೂ ಕೇಳಲ್ಲ.

ಇದು “ಸಾರಿಗೆ ಎಷ್ಟು ಚಮಚ ಉಪ್ಪು?” ಅಂತ ಕೇಳಿದ ಹಾಗೆ. ಪಾತ್ರೆ ನೋಡದೆ ಉತ್ತರ ಹೇಳೋನು ಅಡುಗೆ ಮಾಡಿದವನಲ್ಲ.

ಈ ಸರಣಿಯಲ್ಲಿ ನನ್ನ ವಾದ ಒಂದೇ. ಕಲ್ಲಿಗೆ ಆರ್‌ಪಿಎಂ ಗೊತ್ತಾಗಲ್ಲ. ಕಲ್ಲಿಗೆ ಗೊತ್ತಾಗೋದು ತನ್ನನ್ನ ಮುಟ್ಟುತ್ತಿರುವ ಚಕ್ರದ ಅಂಚು ಎಷ್ಟು ವೇಗವಾಗಿ ಹಾದುಹೋಗ್ತಿದೆ ಅನ್ನೋದು ಮಾತ್ರ. ಆ ಲೆಕ್ಕ ಮಾಡದೆ ಸ್ವಿಚ್ ಒತ್ತಿದರೆ ಹಾಳಾಗೋದು ಬರೀ ಕಲ್ಲಲ್ಲ. ಕಣ್ಣು ಮತ್ತು ಶ್ವಾಸಕೋಶ ಕೂಡ ಲೆಕ್ಕದಲ್ಲಿವೆ. ಅದಕ್ಕೇ ಇಷ್ಟು ಉದ್ದ ಬರೀತಿದೀನಿ. ಸೇವ್ ಮಾಡ್ಕೊಳ್ಳಿ, ನಿಧಾನವಾಗಿ ಓದಿ.

2/10

ಮೊದಲು ಲೆಕ್ಕ. ಹೆದರ್ಬೇಡಿ, ಹೈಸ್ಕೂಲ್ ಗಣಿತ ಸಾಕು.

ಜಾತ್ರೆಯಲ್ಲಿ ಗಿರಗಿಟ್ಟಲೆ ಕುದುರೆ ಹತ್ತಿದೀರಲ್ವಾ? ನಡುವಿನ ಕಂಬದ ಪಕ್ಕ ಕೂತವನೂ ಹೊರಗಿನ ಕುದುರೆ ಮೇಲೆ ಕೂತವನೂ ಒಂದು ನಿಮಿಷಕ್ಕೆ ಅಷ್ಟೇ ಸುತ್ತು ಸುತ್ತುತ್ತಾರೆ. ಆದರೆ ಮುಖಕ್ಕೆ ಗಾಳಿ ಹೊಡೆಯೋದು ಹೊರಗಿನವನಿಗೆ. ಸುತ್ತಿನ ಎಣಿಕೆ ಒಂದೇ, ವೇಗ ಬೇರೆ.

ಚಕ್ರವೂ ಹಾಗೇ. ಆರ್‌ಪಿಎಂ ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅಂತ. ಒಂದು ಸುತ್ತಿಗೆ ಅಂಚು ಸಾಗುವ ದೂರ ಅಂದರೆ ಚಕ್ರದ ಸುತ್ತಳತೆ, ಅಂದರೆ ವ್ಯಾಸ ಗುಣಿಸು ಪೈ. ಎರಡನ್ನೂ ಗುಣಿಸಿದರೆ ಅಂಚಿನ ವೇಗ.

ಬಾಯಲ್ಲೇ ಹೇಳುವಷ್ಟು ಸುಲಭದ ಸೂತ್ರ ಇದು. ಇಂಚಿನಲ್ಲಿ ವ್ಯಾಸ ಗುಣಿಸು ಆರ್‌ಪಿಎಂ, ಭಾಗಿಸು 750. ಬರೋದು ಸೆಕೆಂಡಿಗೆ ಎಷ್ಟು ಮೀಟರ್ ಅನ್ನೋದರ ಹತ್ತಿರದ ಲೆಕ್ಕ.

8 ಇಂಚಿನ ಚಕ್ರ, 1440 ಆರ್‌ಪಿಎಂ: ಸೆಕೆಂಡಿಗೆ ಸುಮಾರು 15 ಮೀಟರ್. ಗಂಟೆಗೆ ಸುಮಾರು 55 ಕಿ.ಮೀ.
6 ಇಂಚಿನ ಚಕ್ರ, ಅದೇ 1440: ಸೆಕೆಂಡಿಗೆ ಸುಮಾರು 11.5 ಮೀಟರ್. ಗಂಟೆಗೆ ಸುಮಾರು 41 ಕಿ.ಮೀ.
8 ಇಂಚು, 2800: ಸೆಕೆಂಡಿಗೆ ಸುಮಾರು 30 ಮೀಟರ್. ಗಂಟೆಗೆ 107 ಕಿ.ಮೀ.

ನೋಡಿ, ಮೊದಲ ಎರಡು ಸಾಲಿನಲ್ಲಿ ಆರ್‌ಪಿಎಂ ಒಂದೇ. ಆದರೆ ಒಂದು ರಿಂಗ್ ರೋಡಲ್ಲಿ ಹೋಗೋ ಗಾಡಿ, ಇನ್ನೊಂದು ಗಲ್ಲಿಯಲ್ಲಿ ಹೋಗೋ ಗಾಡಿ. “1440 ಇಡು” ಅಂದವನು ಇವೆರಡರಲ್ಲಿ ಯಾವುದನ್ನ ಹೇಳ್ತಿದ್ದ? ಅವನಿಗೂ ಗೊತ್ತಿಲ್ಲ.

ಇನ್ನೊಂದು ವಿಷಯ. ಸಿಲಿಕಾನ್ ಕಾರ್ಬೈಡ್ ಚಕ್ರ ಸವೆಯುತ್ತೆ. 8 ಇಂಚಿದ್ದದ್ದು ಸವೆದು 6 ಇಂಚಾದಾಗ, ಮೋಟರ್ ಅದೇ, ಪುಲ್ಲಿ ಅದೇ, ಆದರೂ ಅಂಚಿನ ವೇಗ ಕಾಲು ಭಾಗ ಇಳಿದಿರುತ್ತೆ. “ಈಗೀಗ ಮಷೀನ್ ಸರಿಯಾಗಿ ಉಜ್ಜಲ್ಲ” ಅಂತ ಮೋಟರ್ ಬಿಚ್ಚೋಕೆ ಮುಂಚೆ ಚಕ್ರಕ್ಕೆ ಸ್ಕೇಲ್ ಹಿಡಿದು ನೋಡಿ.

3/10

ಈಗ 1725ರ ಕಥೆ. ಇದು ನನಗೆ ನಿಜಕ್ಕೂ ಕೋಪ ಬರಿಸೋ ವಿಷಯ.

ಕಲ್ಲು ಕಟಿಂಗ್ ಬಗ್ಗೆ ನಾವು ನೋಡೋ ವಿಡಿಯೋಗಳಲ್ಲಿ ಬಹಳಷ್ಟು ಅಮೆರಿಕದವು. ಅಲ್ಲಿ ಎಲ್ಲರ ಬಾಯಲ್ಲೂ 1725. ಯಾಕೆ 1725? ಅದೇನು ಕಲ್ಲಿಗೆ ಬ್ರಹ್ಮ ಬರೆದ ಸಂಖ್ಯೆನಾ? ಅಲ್ಲ. ಅವರ ಕರೆಂಟ್ 60 ಹರ್ಟ್ಸ್. ನಾಲ್ಕು ಪೋಲ್‌ನ ಇಂಡಕ್ಷನ್ ಮೋಟರ್ 60 ಹರ್ಟ್ಸ್‌ನಲ್ಲಿ ಸೈದ್ಧಾಂತಿಕವಾಗಿ 1800 ಸುತ್ತಬೇಕು, ಲೋಡ್ ಬಿದ್ದಾಗ ಸ್ವಲ್ಪ ಹಿಂದೆ ಬಿದ್ದು 1725ರ ಆಸುಪಾಸಿಗೆ ಬರುತ್ತೆ. ಅಂದರೆ ಅದು ಅವರ ಅಂಗಡಿಯಲ್ಲಿ ಸುಲಭವಾಗಿ ಸಿಗೋ ಮೋಟರಿನ ವೇಗ.

ನಮ್ಮ ದೇಶದಲ್ಲಿ ಕರೆಂಟ್ 50 ಹರ್ಟ್ಸ್. ಅದೇ ನಾಲ್ಕು ಪೋಲ್ ಮೋಟರ್ ಇಲ್ಲಿ 1500ಕ್ಕೆ ಹತ್ತಿರ, ಲೋಡ್‌ನಲ್ಲಿ ಸುಮಾರು 1440. ಎರಡು ಪೋಲ್ ಆದರೆ 2800 ಚಿಲ್ಲರೆ. ಮೋಟರ್ ಪ್ಲೇಟ್ ಮೇಲೆ ಬರೆದಿರುತ್ತೆ, ಓದಿ.

ಈಗ ಏನಾಗುತ್ತೆ? ವಿಡಿಯೋದಲ್ಲಿ ತೋರಿಸಿದ ಪುಲ್ಲಿ ಅಳತೆಗಳನ್ನೇ ನೀವು ಇಲ್ಲಿ ಹಾಕಿದರೆ, ನಿಮ್ಮ ಶಾಫ್ಟ್ ಅವರದಕ್ಕಿಂತ ಸುಮಾರು ಶೇ 16ರಷ್ಟು ನಿಧಾನ ಸುತ್ತುತ್ತೆ. ಅದು ದೊಡ್ಡ ಅಪಾಯ ಅಲ್ಲ. ಆದರೆ ಅದನ್ನ ಸರಿ ಮಾಡ್ತೀನಿ ಅಂತ ಕೆಲವರು ನೇರವಾಗಿ 2800ರ ಮೋಟರ್ ತಂದು ಚಕ್ರ ಕೂರಿಸ್ತಾರೆ. “1440 ಕಮ್ಮಿ ಆಯ್ತು, 1725 ಸಿಗ್ಲಿಲ್ಲ, ಅದಕ್ಕೆ 2800 ತಂದೆ.” ಇದು ಬಸ್ ಹತ್ತು ನಿಮಿಷ ತಡ ಆಗುತ್ತೆ ಅಂತ ರೈಲು ಹಳಿ ಮೇಲೆ ಬೈಕ್ ಓಡಿಸಿದ ಹಾಗೆ.

ಸಂಖ್ಯೆ ಎರವಲು ತರೋದು ಸುಲಭ. ಆ ಸಂಖ್ಯೆ ಹುಟ್ಟಿದ ಊರು, ಅದರ ಕಾರಣ ಎರವಲು ಬರಲ್ಲ. ಅದನ್ನ ನಾವೇ ಕೇಳಿ ತಿಳ್ಕೋಬೇಕು.

4/10

“ಜಾಸ್ತಿ ಸ್ಪೀಡ್ ಅಂದ್ರೆ ಜಾಸ್ತಿ ಕೆಲಸ.” ಈ ಮಾತು ನಂಬೋರು ಒಂದ್ಸಲ ಅಡುಗೆಮನೆಗೆ ಬನ್ನಿ.

ಇಡ್ಲಿ ಹಿಟ್ಟು ಮಿಕ್ಸಿಯಲ್ಲಿ ರುಬ್ಬಿದರೆ ಯಾಕೆ ಅಮ್ಮಂದಿರು ಮುಖ ಸಿಂಡರಿಸ್ತಾರೆ? ಮಿಕ್ಸಿ ವೇಗ ಜಾಸ್ತಿ, ಹಿಟ್ಟು ಬಿಸಿಯಾಗುತ್ತೆ. ಗ್ರೈಂಡರ್ ಕಲ್ಲು ನಿಧಾನ ಸುತ್ತುತ್ತೆ, ಹಿಟ್ಟು ತಣ್ಣಗಿರುತ್ತೆ, ಉಬ್ಬುತ್ತೆ. ಮಿಕ್ಸಿ ವೇಗ ಜಾಸ್ತಿ ಅಂತ ಇಡ್ಲಿ ಚೆನ್ನಾಗಿ ಬರುತ್ತೆ ಅಂತ ನಮ್ಮ ಮನೆಯಲ್ಲಿ ಹೇಳಿ ನೋಡಿ, ಏನು ಬೀಳುತ್ತೆ ಅಂತ.

ಕಲ್ಲಿನ ವಿಷಯದಲ್ಲೂ ಬಿಸಿಯೇ ಶತ್ರು. ಅಂಚಿನ ವೇಗ ಏರಿದ ಹಾಗೆ ಘರ್ಷಣೆಯ ಬಿಸಿ ಏರುತ್ತೆ. ಅಗೇಟ್ ಸ್ವಲ್ಪ ತಡ್ಕೊಳ್ಳುತ್ತೆ. ಓಪಲ್ ತಡ್ಕೊಳ್ಳಲ್ಲ, ಅದರೊಳಗೇ ನೀರಿದೆ, ಸಾಮಾನ್ಯವಾಗಿ ತೂಕದ ಶೇ 3ರಿಂದ 10ರಷ್ಟು. ಬಿಸಿ ಏರಿದರೆ ಬಿರುಕು. ಫ್ಲೋರೈಟ್ ಸೀಳುವ ಗುಣದ್ದು, ಬಿಸಿಯಾದರೆ ತನ್ನ ಪದರದ ಉದ್ದಕ್ಕೇ ಬಿಟ್ಟುಕೊಳ್ಳುತ್ತೆ.

“ನೀರು ಬಿಡ್ತೀವಲ್ಲ” ಅಂತೀರಾ? ನೀರು ಚಕ್ರದ ಮೇಲೆ ಉಳಿದರೆ ತಾನೇ ತಂಪು ಮಾಡೋದು. 8 ಇಂಚಿನ ಚಕ್ರ 1440ರಲ್ಲಿ ಸುತ್ತುವಾಗ ಅಂಚಿನ ಮೇಲಿರೋ ನೀರಿನ ಹನಿಯನ್ನ ಹೊರಗೆ ಎಸೆಯೋ ಸೆಳೆತ ಗುರುತ್ವದ ಸುಮಾರು 235 ಪಟ್ಟು. 2800 ಮಾಡಿದರೆ ಸುಮಾರು 890 ಪಟ್ಟು. ವೇಗ ಎರಡು ಪಟ್ಟಿಗಿಂತ ಸ್ವಲ್ಪ ಕಮ್ಮಿ ಏರಿತು, ಎಸೆತ ನಾಲ್ಕು ಪಟ್ಟಿನ ಹತ್ತಿರ ಏರಿತು. ನೀರು ನಿಮ್ಮ ಅಂಗಿ ಮೇಲೆ, ಗೋಡೆ ಮೇಲೆ, ಪಕ್ಕದವನ ನೋಟ್ಸ್ ಮೇಲೆ. ಕಲ್ಲು ಮುಟ್ಟೋ ಜಾಗ ಮಾತ್ರ ಒಣ.

ಅಂದರೆ ವೇಗ ಏರಿಸಿದಾಗ ನೀವು ಎರಡು ತಪ್ಪು ಒಟ್ಟಿಗೆ ಮಾಡ್ತೀರಿ. ಬಿಸಿ ಹೆಚ್ಚಿಸ್ತೀರಿ, ತಂಪು ಮಾಡೋದನ್ನ ಓಡಿಸ್ತೀರಿ.

5/10

ಈಗ ಇನ್ನೊಂದು ಪಂಗಡಕ್ಕೆ ಬರ್ತೀನಿ. “ಹಾಗಾದ್ರೆ ನಿಧಾನವೇ ಪ್ರಧಾನ, 400ರಲ್ಲಿ ಇಟ್ಕೊಂಡು ಉಜ್ಜಿದರೆ ಸೇಫ್” ಅನ್ನೋರು.

ಇವರಿಗೂ ನನ್ನ ಉತ್ತರ ಇಲ್ಲ ಅಂತಲೇ.

ಚಕ್ರದ ಮೇಲಿರೋ ಒಂದೊಂದು ಹರಳೂ ಒಂದು ಪುಟ್ಟ ಉಳಿ ಅಂದ್ಕೊಳ್ಳಿ. ಚಕ್ರ ವೇಗವಾಗಿ ಸುತ್ತಿದಾಗ ಪ್ರತಿ ಉಳಿಯೂ ಸಣ್ಣ ಚೂರು ಕೆರೆಯುತ್ತೆ. ನಿಧಾನ ಸುತ್ತಿದಾಗ, ನೀವು ಅಷ್ಟೇ ಒತ್ತಿ ಹಿಡಿದರೆ, ಪ್ರತಿ ಉಳಿಯೂ ದೊಡ್ಡ ಚೂರು ಕೀಳೋಕೆ ಹೋಗುತ್ತೆ. ಉಳಿಗೆ ಭಾರ ಜಾಸ್ತಿ, ಅದು ಚಕ್ರದಿಂದ ಕಿತ್ತು ಬರುತ್ತೆ. ಅದಕ್ಕೇ ಸಿಲಿಕಾನ್ ಕಾರ್ಬೈಡ್ ಚಕ್ರ ಕಡಿಮೆ ವೇಗದಲ್ಲಿ “ಮೆತ್ತಗೆ” ವರ್ತಿಸುತ್ತೆ, ಬೇಗ ಸವೆಯುತ್ತೆ. ಸವೆಯೋದೂ ಸಮನಾಗಿ ಅಲ್ಲ, ಅಲ್ಲಲ್ಲಿ ತಗ್ಗು ಬೀಳುತ್ತೆ. ಆಮೇಲೆ ಕಲ್ಲು ಹಿಡಿದರೆ ಟಕ ಟಕ ಟಕ ಅಂತ ಕುಣಿಯುತ್ತೆ. ಆ ಒಂದೊಂದು ಟಕ್ಕಿಗೂ ಅಗೇಟಿನ ಅಂಚಲ್ಲಿ ಚಂದ್ರಾಕಾರದ ಪುಟ್ಟ ಸೀಳು. ಪಾಲಿಶ್ ಮಾಡೋವರೆಗೂ ಕಾಣಲ್ಲ. ಪಾಲಿಶ್ ಆದ ಮೇಲೆ ಅದೊಂದೇ ಕಾಣುತ್ತೆ.

ಅಷ್ಟೇ ಅಲ್ಲ. ನಿಧಾನ ಇದ್ದಾಗ ಕೆಲಸ ಸಾಗಲ್ಲ ಅಂತ ನೀವು ಗೊತ್ತಿಲ್ಲದೆ ಜೋರಾಗಿ ಒತ್ತುತ್ತೀರಿ. ಜೋರು ಒತ್ತಿದರೆ ಮತ್ತೆ ಬಿಸಿ. ಹೆದರಿ ವೇಗ ಇಳಿಸಿ, ತಾಳ್ಮೆಗೆಟ್ಟು ಕೈ ಒತ್ತಿ, ಕೊನೆಗೆ ಅದೇ ಬಿರುಕು.

ಹಾಗಾಗಿ ಇದು ವೇಗದವರ ಪಂಗಡ, ನಿಧಾನದವರ ಪಂಗಡ ಅನ್ನೋ ಜಗಳ ಅಲ್ಲ. ಎರಡೂ ಪಂಗಡ ಒಂದೇ ತಪ್ಪು ಮಾಡ್ತಿವೆ, ಚಕ್ರ ಮತ್ತು ಕಲ್ಲು ನೋಡದೆ ಸಂಖ್ಯೆಗೆ ನಿಷ್ಠೆ ತೋರಿಸ್ತಿವೆ.

6/10

“ಸರಿ ಮಾರಾಯ, ಬೈದಿದ್ದು ಸಾಕು, ಎಷ್ಟು ಇಡ್ಬೇಕು ಅಂತ ಹೇಳು.” ಹೇಳ್ತೀನಿ. ಇವು ಶುರು ಮಾಡೋಕೆ ಇರೋ ಅಂಕಿಗಳು, ಶಾಸನ ಅಲ್ಲ. ಚಕ್ರದ ಮೇಲೆ ಬರೆದ ಮಿತಿ ಯಾವಾಗಲೂ ಇವಕ್ಕಿಂತ ದೊಡ್ಡದು.

ಒರಟು ಉಜ್ಜುವಿಕೆ, ಸಿಲಿಕಾನ್ ಕಾರ್ಬೈಡ್ ಚಕ್ರ, ಅಗೇಟ್ ಅಥವಾ ಜಾಸ್ಪರ್: ಸೆಕೆಂಡಿಗೆ 15ರಿಂದ 20 ಮೀಟರ್. 8 ಇಂಚಿಗೆ 1440ರಿಂದ 1800. 6 ಇಂಚಿಗೆ 1900ರಿಂದ 2400.

ಡೈಮಂಡ್ ಚಕ್ರ: ಸೆಕೆಂಡಿಗೆ 10ರಿಂದ 18 ಮೀಟರ್. 6 ಇಂಚಿನ ಡೈಮಂಡ್ ಚಕ್ರ ನಮ್ಮ 1440ರಲ್ಲೇ ಆರಾಮಾಗಿ ಕೆಲಸ ಮಾಡುತ್ತೆ. ಡೈಮಂಡ್ ಚಕ್ರದ ವ್ಯಾಸ ಹೆಚ್ಚೇನೂ ಬದಲಾಗಲ್ಲ, ಹಾಗಾಗಿ ಒಮ್ಮೆ ಮಾಡಿದ ಲೆಕ್ಕ ಹಾಗೇ ಉಳಿಯುತ್ತೆ.

ಸ್ಯಾಂಡಿಂಗ್, ರಬ್ಬರ್ ಹಿಂಬದಿಯ ಬೆಲ್ಟ್ ಅಥವಾ ಡ್ರಮ್: ಮೇಲಿನದಕ್ಕಿಂತ ಸ್ವಲ್ಪ ಕಮ್ಮಿ. ಇಲ್ಲಿ ಕಲ್ಲಿನ ಹೆಚ್ಚು ಭಾಗ ಒಟ್ಟಿಗೆ ಮುಟ್ಟುತ್ತೆ, ಬಿಸಿ ಬೇಗ ಸೇರುತ್ತೆ.

ಸೀರಿಯಂ ಆಕ್ಸೈಡ್ ಪಾಲಿಶ್, ಫೆಲ್ಟ್ ಅಥವಾ ಚರ್ಮ: ಸೆಕೆಂಡಿಗೆ 3ರಿಂದ 6 ಮೀಟರ್. 8 ಇಂಚಿಗೆ 300ರಿಂದ 600 ಅಷ್ಟೇ. ಇಲ್ಲೇ ಎಲ್ಲರೂ ಎಡವೋದು. ಉಜ್ಜಿದ ವೇಗದಲ್ಲೇ ಪಾಲಿಶ್ ಮಾಡೋಕೆ ಹೋಗ್ತಾರೆ, ಪೌಡರ್ ನೀರು ಎಲ್ಲಾ ಹಾರಿ ಹೋಗುತ್ತೆ, ಒಣ ಚರ್ಮ ಕಲ್ಲನ್ನ ಕೈಯಿಂದ ಕಿತ್ತೊಗೆಯುತ್ತೆ.

ಓಪಲ್, ಫ್ಲೋರೈಟ್, ಮ್ಯಾಲಕೈಟ್ ತರದ ಮೆತ್ತಗಿನ ಅಥವಾ ಸೂಕ್ಷ್ಮ ಕಲ್ಲು: ನಯವಾದ ಗ್ರಿಟ್, ಕಡಿಮೆ ವೇಗ, ಹಗುರ ಕೈ, ಧಾರಾಳ ನೀರು. ಮ್ಯಾಲಕೈಟ್‌ನಲ್ಲಿ ತಾಮ್ರ ಇದೆ, ಅದರ ಧೂಳು ಬಾಯಿಗೆ ಮೂಗಿಗೆ ಹೋಗಬಾರದು.

ಗಾರ್ನೆಟ್ ಅಥವಾ ಮೈಸೂರು ಕಡೆಯ ಸ್ಟಾರ್ ರೂಬಿ ಇದ್ದರೆ, ರೂಬಿಯ ಗಡಸುತನ 9. ಸಿಲಿಕಾನ್ ಕಾರ್ಬೈಡ್ ಅದಕ್ಕಿಂತ ಕೂದಲೆಳೆಯಷ್ಟೇ ಗಟ್ಟಿ. ವೇಗ ಏರಿಸಿ ಪ್ರಯೋಜನ ಇಲ್ಲ, ಡೈಮಂಡ್ ಬೇಕು. ಹತ್ಯಾರು ತಪ್ಪಿದ್ದಾಗ ವೇಗ ಅದನ್ನ ಸರಿ ಮಾಡಲ್ಲ.

ಅಡ್ಡ ಸುತ್ತೋ ಫ್ಲಾಟ್ ಲ್ಯಾಪ್ ಇದ್ದವರು ಅದೃಷ್ಟವಂತರು. ನಡುವೆ ವೇಗ ಸೊನ್ನೆ, ಅಂಚಲ್ಲಿ ಪೂರ್ತಿ. ಕಲ್ಲನ್ನ ಒಳಗೆ ಹೊರಗೆ ಸರಿಸಿದರೆ ಅದೇ ನಿಮ್ಮ ರೆಗ್ಯುಲೇಟರ್.

7/10

ಈ ಪೋಸ್ಟ್ ಮಾತ್ರ ದಯವಿಟ್ಟು ಸ್ಕಿಪ್ ಮಾಡ್ಬೇಡಿ.

ಆಂಗಲ್ ಗ್ರೈಂಡರ್‌ಗೆ ಯಾವುದೋ ಚಕ್ರ ಸಿಕ್ಕಿಸಿ, ಒಂದು ಕೈಲಿ ಕಲ್ಲು ಇನ್ನೊಂದು ಕೈಲಿ ಮಷೀನ್, ಹಿಂದೆ ಮಾಸ್ ಬಿಜಿಎಂ. ಇಂಥ ರೀಲ್‌ಗಳು ಎಷ್ಟು ಬೇಕೋ ಅಷ್ಟಿವೆ. ಲೈಕ್ ಕೊಡೋ ಮುಂಚೆ ಲೆಕ್ಕ ಹಾಕಿ.

4 ಇಂಚಿನ ಆಂಗಲ್ ಗ್ರೈಂಡರ್ ಖಾಲಿ ಓಡುವಾಗ ಸುಮಾರು 11,000 ಆರ್‌ಪಿಎಂ. ಅಂಚಿನ ವೇಗ ಸೆಕೆಂಡಿಗೆ 57 ಮೀಟರ್ ದಾಟುತ್ತೆ, ಗಂಟೆಗೆ 200 ಕಿ.ಮೀ.ಗಿಂತ ಜಾಸ್ತಿ. ಆ ಮಷೀನಿಗೇ ಅಂತ ಮಾಡಿದ ಬಲೆ ಸೇರಿಸಿದ ಡಿಸ್ಕ್‌ಗಳು ಸೆಕೆಂಡಿಗೆ 80 ಮೀಟರ್‌ವರೆಗೆ ತಡೆಯೋ ಹಾಗೆ ತಯಾರಾಗಿರುತ್ತವೆ. ಆದರೆ ಬೆಂಚ್ ಗ್ರೈಂಡರ್‌ನ ಸಾಮಾನ್ಯ ಸಾಣೆ ಚಕ್ರದ ಮಿತಿ ಸೆಕೆಂಡಿಗೆ 30ರಿಂದ 35 ಮೀಟರ್ ಆಸುಪಾಸು. ಅದು ಮಣ್ಣಿನ ಮಡಕೆಯ ಹಾಗೆ ಸುಟ್ಟು ಗಟ್ಟಿ ಮಾಡಿದ ವಸ್ತು. ಬಾಗಲ್ಲ, ಒಡೆಯುತ್ತೆ.

ಚಕ್ರವನ್ನ ಒಳಗಿಂದ ಹರಿಯೋಕೆ ನೋಡೋ ಒತ್ತಡ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ. 15 ಮೀಟರ್ ಇದ್ದದ್ದು 30 ಆದರೆ ಒತ್ತಡ ನಾಲ್ಕು ಪಟ್ಟು. 57 ಆದರೆ ಹದಿನಾಲ್ಕು ಪಟ್ಟು. ಒಡೆದ ಚೂರು ಹಾರೋದು ಅಂಚಿನ ವೇಗದಲ್ಲೇ. ಅದರ ದಾರಿಯಲ್ಲಿ ನಿಮ್ಮ ಮುಖ ಇದೆ.

ಚಕ್ರದ ಮೇಲೆ ಬರೆದಿರೋ ಆರ್‌ಪಿಎಂ ಶಿಫಾರಸು ಅಲ್ಲ, ಗರಿಷ್ಠ ಮಿತಿ. ಲಿಫ್ಟಲ್ಲಿ “8 ಜನ” ಅಂತ ಬರೆದಿದ್ದರೆ ಎಂಟು ಜನ ತುಂಬೋವರೆಗೂ ಕಾಯ್ತೀವಾ?

ಮಾಡ್ಬೇಕಾದ್ದು ಇಷ್ಟು. ಹೊಸ ಚಕ್ರ ಕೂರಿಸೋ ಮುಂಚೆ ಬೆರಳಿಗೆ ನೇತುಹಾಕಿ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಮಡಕೆ ಕೊಳ್ಳೋವಾಗ ತಟ್ಟಿ ನೋಡ್ತೀವಲ್ಲ, ಹಾಗೇ. ಠಣ್ ಅಂದರೆ ಸರಿ, ದಪ್ಪ ಸದ್ದು ಬಂದರೆ ಬೇಡ. ಗಾರ್ಡ್ ತೆಗೀಬೇಡಿ. ಆನ್ ಮಾಡಿ ಒಂದು ನಿಮಿಷ ಪಕ್ಕಕ್ಕೆ ನಿಂತ್ಕೊಳ್ಳಿ, ಎದುರಿಗೆ ಬೇಡ. ಕೆಲಸ ಮುಗಿದಾಗ ಮೊದಲು ನೀರು ನಿಲ್ಲಿಸಿ, ಚಕ್ರ ಸ್ವಲ್ಪ ಹೊತ್ತು ಸುತ್ತಿ ಒಣಗಲಿ, ಆಮೇಲೆ ಆಫ್. ನೀರಲ್ಲಿ ನಿಂತ ಚಕ್ರ ಒಂದು ಕಡೆ ನೀರು ಹೀರಿ ಭಾರವಾಗುತ್ತೆ, ಮಾರನೇ ದಿನ ಆನ್ ಮಾಡಿದಾಗ ಇಡೀ ಮೇಜು ನಡುಗುತ್ತೆ.

8/10

ಈಗ ಗುಜರಾತಿನ ಖಂಭಾತ್‌ಗೆ ಬನ್ನಿ. ವೇಗದ ಚರ್ಚೆಗೂ ಖಂಭಾತ್‌ಗೂ ಏನು ಸಂಬಂಧ ಅಂತ ಕೊನೆಯಲ್ಲಿ ಗೊತ್ತಾಗುತ್ತೆ.

ಅಗೇಟ್ ಅಂದರೆ ಖಂಭಾತ್. ಆ ಪ್ರದೇಶದಲ್ಲಿ ಮಣಿ ಮಾಡೋ ಕೆಲಸ ಹರಪ್ಪಾ ಕಾಲದ್ದು. ಅಲ್ಲಿಗೆ ದೂರವಿಲ್ಲದ ಲೋಥಲ್‌ನಲ್ಲಿ ಮಣಿ ತಯಾರಿಸುತ್ತಿದ್ದ ಕಾರ್ಯಾಗಾರವೇ ಉತ್ಖನನದಲ್ಲಿ ಸಿಕ್ಕಿದೆ. ಇವತ್ತೂ ಖಂಭಾತ್‌ನಲ್ಲಿ ಎಷ್ಟೋ ಕುಟುಂಬಗಳು ಮನೆಯಲ್ಲೇ, ಮನೆ ಅಂಗಳದಲ್ಲೇ ಅಗೇಟ್ ಉಜ್ಜುತ್ತವೆ. ಕರೆಂಟ್ ಮೋಟರಿಗೆ ಕಟ್ಟಿದ ಎಮರಿ ಚಕ್ರ, ಒಣ ಉಜ್ಜುವಿಕೆ, ಬಿಳಿ ಧೂಳು.

ಅಗೇಟ್ ಅಂದರೆ ಸ್ಫಟಿಕ, ಅಂದರೆ ಸಿಲಿಕಾ. ಅದರ ಕಣ್ಣಿಗೆ ಕಾಣದಷ್ಟು ನುಣ್ಣನೆ ಧೂಳು ಶ್ವಾಸಕೋಶದ ತಳಕ್ಕೆ ಇಳಿದರೆ ಅಲ್ಲೇ ಕೂರುತ್ತೆ, ಗಾಯ ಮಾಡುತ್ತೆ, ಆ ಗಾಯ ಗಟ್ಟಿಯಾಗುತ್ತೆ. ಅದರ ಹೆಸರು ಸಿಲಿಕೋಸಿಸ್. ವಾಸಿ ಮಾಡೋ ಔಷಧಿ ಇಲ್ಲ. ಜೊತೆಗೆ ಕ್ಷಯ ಬರೋ ಸಾಧ್ಯತೆ ಹೆಚ್ಚುತ್ತೆ. 1997ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಉಸಿರಾಡುವ ಸ್ಫಟಿಕ ಸಿಲಿಕಾವನ್ನ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಖಂಭಾತ್‌ನ ಅಗೇಟ್ ಕೆಲಸಗಾರರಲ್ಲಿ ಸಿಲಿಕೋಸಿಸ್ ಇರೋದನ್ನ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನಗಳು ದಾಖಲಿಸಿವೆ. ಅವರು ಹವ್ಯಾಸಕ್ಕೆ ಉಜ್ಜಿದವರಲ್ಲ. ಹೊಟ್ಟೆಪಾಡಿಗೆ ಉಜ್ಜಿದವರು.

ಈಗ ಸಂಬಂಧ ನೋಡಿ. ವೇಗ ಜಾಸ್ತಿ ಆದಷ್ಟೂ ಪ್ರತಿ ಹರಳು ಕೆರೆಯೋ ಚೂರು ಸಣ್ಣದಾಗುತ್ತೆ ಅಂತ ಐದನೇ ಪೋಸ್ಟಲ್ಲಿ ಹೇಳಿದೆ. ಸಣ್ಣ ಚೂರು ಅಂದರೆ ಒಳಗೆ ಇಳಿಯೋ ಧೂಳು. ವೇಗ ಜಾಸ್ತಿ ಆದಷ್ಟೂ ನೀರು ಚಕ್ರ ಬಿಟ್ಟು ಓಡುತ್ತೆ ಅಂತ ನಾಲ್ಕನೇ ಪೋಸ್ಟಲ್ಲಿ ಹೇಳಿದೆ. ನೀರು ಓಡಿದರೆ ಧೂಳು ಹಾರುತ್ತೆ. ಹಾರಿದ ನೀರಿನ ಮಂಜಿನಲ್ಲೂ ಧೂಳಿದೆ, ಒಣಗಿದ ಮೇಲೆ ಮತ್ತೆ ಏಳುತ್ತೆ.

ಹಾಗಾಗಿ ಸರಿಯಾದ ವೇಗ ಅಂದರೆ ಚಕ್ರದ ಮೇಲೆ ನೀರು ನಿಲ್ಲೋ ವೇಗ. ಒಣ ಉಜ್ಜುವಿಕೆಗೆ ಸರಿಯಾದ ವೇಗ ಅನ್ನೋದೇ ಇಲ್ಲ. ಎನ್95 ಮಾಸ್ಕ್ ಹಾಕಿ, ಆದರೆ ಅದು ನೀರಿನ ಬದಲಿಗೆ ಅಲ್ಲ, ನೀರಿನ ಜೊತೆಗೆ. ನೆಲಕ್ಕೆ ಪೊರಕೆ ಹಾಕ್ಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹಾಸ್ಟೆಲ್ ರೂಮಲ್ಲಿ ಈ ಕೆಲಸ ಬೇಡವೇ ಬೇಡ, ಅಲ್ಲಿ ಮಲಗೋದು ನೀವೊಬ್ಬರೇ ಅಲ್ಲ.

9/10

ಬರೋ ಆಕ್ಷೇಪಗಳು ನನಗೆ ಗೊತ್ತು. ಒಂದೊಂದಾಗಿ ನೋಡೋಣ.

“ಹಳೇ ಕುಶಲಕರ್ಮಿಗಳು ಯಾವ ಲೆಕ್ಕ ಮಾಡ್ತಿದ್ರು?” ನಮ್ಮ ದೇಶದಲ್ಲಿ ರತ್ನ ಉಜ್ಜೋರು ತಲೆಮಾರುಗಳ ಕಾಲ ಕಮಾನಿನಿಂದ ಚಕ್ರ ಸುತ್ತಿಸಿದವರು. ಒಂದು ಕೈ ಕಮಾನು ಎಳೆಯುತ್ತೆ, ಇನ್ನೊಂದು ಕೈ ಕಲ್ಲು ಹಿಡಿಯುತ್ತೆ. ಅಲ್ಲಿ ವೇಗದ ಮಿತಿ ತೋಳಿನ ಶಕ್ತಿಯೇ. ಕಲ್ಲು ಬಿಸಿಯಾಗೋ ಮುಂಚೆ ತೋಳು ಸೋಲುತ್ತಿತ್ತು. ಮೋಟರ್ ಸೋಲಲ್ಲ, ಅದಕ್ಕೆ ಸುಸ್ತೂ ಆಗಲ್ಲ, ನಾಚಿಕೆಯೂ ಇಲ್ಲ. ತೋಳು ಮಾಡ್ತಿದ್ದ ಲೆಕ್ಕವನ್ನ ಈಗ ತಲೆ ಮಾಡ್ಬೇಕು.

“ಕೈ ಅನುಭವ ಮುಖ್ಯ, ಸೂತ್ರ ಅಲ್ಲ.” ಅನುಭವ ಮುಖ್ಯವೇ. ಅರಗು ಮೆತ್ತಗಾಗಿ ಕಲ್ಲು ಕಡ್ಡಿಯಿಂದ ಜಾರಿದರೆ ಬಿಸಿ ಜಾಸ್ತಿ ಅಂತ ಕೈ ಹೇಳುತ್ತೆ. ಟಕ ಟಕ ಅಂದರೆ ಚಕ್ರ ಕೆಟ್ಟಿದೆ ಅಂತ ಕಿವಿ ಹೇಳುತ್ತೆ. ಆದರೆ ಚಕ್ರ ಒಡೆಯೋ ವಿಷಯದಲ್ಲಿ ಅನುಭವ ಪಡೆಯೋಕೆ ಎರಡನೇ ಅವಕಾಶ ಸಿಗದೇ ಇರಬಹುದು. ಸಿಲಿಕೋಸಿಸ್ ವಿಷಯದಲ್ಲಿ ಅನುಭವ ವರ್ಷಗಳ ನಂತರ ಬರುತ್ತೆ. ಅದಕ್ಕೇ ಸೂತ್ರ.

“ಫ್ಯಾನ್ ರೆಗ್ಯುಲೇಟರ್ ಹಾಕಿ ಕಮ್ಮಿ ಮಾಡ್ಕೋತೀನಿ.” ಬೇಡ. ಇಂಡಕ್ಷನ್ ಮೋಟರಿನ ವೇಗ ನಿರ್ಧಾರ ಆಗೋದು ಕರೆಂಟಿನ ಹರ್ಟ್ಸ್ ಮತ್ತು ಪೋಲ್‌ಗಳಿಂದ. ವೋಲ್ಟೇಜ್ ಇಳಿಸಿದರೆ ಶಕ್ತಿ ಕುಗ್ಗುತ್ತೆ, ಕಲ್ಲು ತಾಗಿಸಿದ ಕೂಡಲೇ ಮುಗ್ಗರಿಸುತ್ತೆ, ಒಳಗೆ ಸುತ್ತು ಸುಡುತ್ತೆ.

“ದುಡ್ಡಿಲ್ಲ, ವೇರಿಯಬಲ್ ಸ್ಪೀಡ್ ಮಷೀನ್ ಎಲ್ಲಿಂದ ತರೋದು?” ಬೇಕಾಗಿಲ್ಲ. ಎರಡು ಪುಲ್ಲಿ, ಒಂದು ಬೆಲ್ಟ್ ಸಾಕು. ಶಾಫ್ಟಿನ ವೇಗ ಅಂದರೆ ಮೋಟರಿನ ವೇಗ ಗುಣಿಸು ಮೋಟರ್ ಪುಲ್ಲಿ, ಭಾಗಿಸು ಶಾಫ್ಟ್ ಪುಲ್ಲಿ. 1440ರ ಮೋಟರಿಗೆ 2.5 ಇಂಚು, ಶಾಫ್ಟಿಗೆ 2 ಇಂಚು ಹಾಕಿದರೆ 1800, 8 ಇಂಚಿನ ಚಕ್ರಕ್ಕೆ ಸೆಕೆಂಡಿಗೆ ಸುಮಾರು 19 ಮೀಟರ್. ಮೋಟರಿಗೆ 2, ಶಾಫ್ಟಿಗೆ 6 ಹಾಕಿದರೆ 480, ಪಾಲಿಶ್‌ಗೆ ಹೇಳಿ ಮಾಡಿಸಿದ ವೇಗ. ಮೆಟ್ಟಿಲು ಪುಲ್ಲಿ ಸಿಕ್ಕರೆ ಬೆಲ್ಟ್ ಸರಿಸಿ ವೇಗ ಬದಲಿಸಬಹುದು. ದುಬಾರಿ ಮಷೀನ್ ತಗೊಂಡವನಿಗಿಂತ ಇದನ್ನ ಕಟ್ಟಿದವನಿಗೆ ತನ್ನ ವೇಗ ಎಷ್ಟು ಅಂತ ಚೆನ್ನಾಗಿ ಗೊತ್ತಿರುತ್ತೆ.

ದುಡ್ಡು ಖರ್ಚು ಮಾಡಲೇಬೇಕಾದ ಒಂದು ಜಾಗ ಇದೆ. ನೀರು, ಕರೆಂಟ್ ಎರಡೂ ಒಂದೇ ಮೇಜಿನ ಮೇಲಿವೆ. ಮೋಟರಿಗೆ ಸರಿಯಾದ ಅರ್ಥಿಂಗ್, ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ. ಇದರಲ್ಲಿ ಉಳಿತಾಯ ಬೇಡ.

10/10

ಕೊನೆಯದಾಗಿ, ನನ್ನ ಜಗಳ ಯಾರ ಜೊತೆ ಅಂತ ಸ್ಪಷ್ಟ ಮಾಡ್ಬಿಡ್ತೀನಿ.

ಪ್ರಶ್ನೆ ಕೇಳೋ ಫಸ್ಟ್ ಇಯರ್ ಹುಡುಗ ಹುಡುಗಿಯರ ಜೊತೆ ಅಲ್ಲ. ಅವರು ಕೇಳ್ತಿದ್ದಾರೆ, ಅದೇ ದೊಡ್ಡದು. ಜಗಳ ಇರೋದು ಯೋಚನೆ ಮಾಡದೆ ಉತ್ತರ ಕೊಡೋರ ಜೊತೆ. “3000 ಆರ್‌ಪಿಎಂ, ಸೂಪರ್ ಪವರ್” ಅಂತ ಬಣ್ಣದಲ್ಲಿ ಬರೆದು, ಚಕ್ರದ ಮಿತಿಯನ್ನ ಸಣ್ಣ ಅಕ್ಷರದಲ್ಲಿ ಬಚ್ಚಿಡೋ ಮಾರಾಟಗಾರರ ಜೊತೆ. ನೀರಿಲ್ಲದೆ, ಕನ್ನಡಕ ಇಲ್ಲದೆ ಅಗೇಟ್ ಉಜ್ಜಿ, ಧೂಳಿನ ಮೋಡವನ್ನೇ ಸಿನಿಮಾ ಎಫೆಕ್ಟ್ ಮಾಡೋ ರೀಲ್‌ಗಳ ಜೊತೆ. ಆ ಮೋಡ ಏನು ಅಂತ ಖಂಭಾತ್‌ನ ಮನೆಗಳಿಗೆ ಗೊತ್ತು.

ನಿಮ್ಮಿಂದ ಮೂರು ಕೇಳ್ಕೋತೀನಿ.

ಒಂದು, ಇನ್ಮೇಲೆ ವೇಗದ ಪ್ರಶ್ನೆ ಹಾಕೋವಾಗ ಹೀಗೆ ಹಾಕಿ: ಚಕ್ರದ ವ್ಯಾಸ, ಚಕ್ರದ ಜಾತಿ, ಅದರ ಮೇಲೆ ಬರೆದ ಮಿತಿ, ಮೋಟರ್ ಪ್ಲೇಟಿನ ಆರ್‌ಪಿಎಂ, ಎರಡೂ ಪುಲ್ಲಿ ಅಳತೆ, ಯಾವ ಕಲ್ಲು, ಯಾವ ಹಂತ. ಇಷ್ಟು ಬರೆಯೋವಷ್ಟರಲ್ಲಿ ಅರ್ಧ ಉತ್ತರ ನಿಮಗೇ ಸಿಕ್ಕಿರುತ್ತೆ.

ಎರಡು, ಇಷ್ಟು ವಿವರ ಇಲ್ಲದ ಪ್ರಶ್ನೆಗೆ ಸಂಖ್ಯೆ ಕೊಡ್ಬೇಡಿ. “ಚಕ್ರ ಎಷ್ಟು ಇಂಚು?” ಅಂತ ವಾಪಸ್ ಕೇಳಿ. ಜಾಣರ ಹಾಗೆ ಕಾಣೋಕೆ ಒಂದು ಸಂಖ್ಯೆ ಎಸೆಯೋದಕ್ಕಿಂತ ಈ ಒಂದು ಪ್ರಶ್ನೆ ಹೆಚ್ಚು ಉಪಕಾರ.

ಮೂರು, ನಿಮ್ಮ ಲ್ಯಾಬಲ್ಲೋ ಮನೆಯಲ್ಲೋ ಇರೋ ಮಷೀನಿನ ಅಂಚಿನ ವೇಗವನ್ನ ಇವತ್ತೇ ಲೆಕ್ಕ ಹಾಕಿ, ಒಂದು ಚೀಟಿಯಲ್ಲಿ ಬರೆದು, ಸ್ವಿಚ್ ಪಕ್ಕ ಅಂಟಿಸಿ. ನಿಮ್ಮ ನಂತರ ಅದನ್ನ ಆನ್ ಮಾಡೋ ಜೂನಿಯರ್ ನಿಮ್ಮನ್ನ ನೋಡಿರಲ್ಲ. ಆ ಚೀಟಿ ನೋಡ್ತಾನೆ.

ಲೆಕ್ಕ ಹಾಕಿದವರು ಕಾಮೆಂಟಲ್ಲಿ ಹಾಕಿ: ಇಂಚು, ಆರ್‌ಪಿಎಂ, ಸೆಕೆಂಡಿಗೆ ಎಷ್ಟು ಮೀಟರ್. ತಪ್ಪಿದ್ದರೆ ಒಟ್ಟಿಗೆ ಕೂತು ಸರಿ ಮಾಡೋಣ. “ಫುಲ್ ಸ್ಪೀಡ್ ಗುರು” ಅಂತ ಬರೆದವರಿಗೆ ನನ್ನ ರಿಪ್ಲೈ ಈಗಲೇ ರೆಡಿ ಇದೆ: ಚಕ್ರ ಎಷ್ಟು ಇಂಚು?

#ಸಾಣೆಚಕ್ರ #ಅಗೇಟ್ #ಅಂಚಿನವೇಗ #ಕಲ್ಲಿನಕೆಲಸ #ನೀರಿಲ್ಲದೆಉಜ್ಜಬೇಡಿ #ಜಿಯಾಲಜಿಕನ್ನಡ